ಹನ್ನೆರಡೂವರೆಯ ಮಕ್ಕಳು

ಸರ್ಕಾರಿ ಶಾಲೆಯಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಅಷ್ಟರಲ್ಲಿ ಎಷ್ಟೋ ಶಿಕ್ಷಣ ಮಂತ್ರಿಗಳು ಬಂದುಹೋದರು. ಹೆಚ್ಚಿನವರು ನಮಗೆ ಸುತ್ತೋಲೆಯಲ್ಲಿ ಕಾಣುವ ಒಂದು ಹೆಸರು, ಅಷ್ಟೇ. ಒಬ್ಬರನ್ನು ಮಾತ್ರ ಬೇರೆ ಬೇರೆ ಊರುಗಳಲ್ಲಿ ಕಣ್ಣಾರೆ ಕಂಡೆ. ಕಂಡಾಗಲೆಲ್ಲ ಸಿಟ್ಟೇ ಬಂತು. ಅವರು ಯಾರು, ಯಾವ ವರ್ಷ ಮಂತ್ರಿಯಾಗಿದ್ದರು ಎಂದು ಬರೆಯುವುದಿಲ್ಲ. ಬರೆದರೆ ಅವರ ಹೆಸರು ಇನ್ನೊಂದು ಕಡೆ ಅಚ್ಚಾಗುತ್ತದೆ. ಅಷ್ಟು ಉಪಕಾರ ನನ್ನಿಂದ ಆಗದು.

ನಮ್ಮದು ಜಮಖಂಡಿಯ ಹಳೆಯ ಮನೆತನ. ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಹೋದ ಮೇಲೆ ತಾಲೂಕು ಕಚೇರಿಗೆ ಬಂದರು. ನಾನು ಟ್ರೇನಿಂಗ್ ಮುಗಿಸಿದ ಕೂಡಲೇ ಬನಹಟ್ಟಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತು. ಶಾಲೆ ನೇಕಾರರ ಓಣಿಗಳ ನಡುವೆ ಇತ್ತು. ಆಗಿನ್ನೂ ಅಲ್ಲಿ ಮನೆಮನೆಯಲ್ಲೂ ಕೈಮಗ್ಗ. ಪಾಠ ಮಾಡುವಾಗ ಕಿಟಕಿಯಾಚೆ ಲಾಳಿ ಆಡುವ ಸದ್ದು ಎಡೆಬಿಡದೆ ಕೇಳುತ್ತಿತ್ತು. ಮೊದಲ ವಾರ ತಲೆ ಸಿಡಿಯಿತು. ಆಮೇಲೆ ಹಬ್ಬದ ದಿನ ಮಗ್ಗ ನಿಂತರೇ ಏನೋ ಕಳೆದುಕೊಂಡಂತೆ ಆಗತೊಡಗಿತು.

ನಾನು ಸೇರಿದಾಗ ತರಗತಿಗಳು ಅರ್ಧಕ್ಕರ್ಧ ಖಾಲಿ. ನೇಕಾರರ ಮಕ್ಕಳ ಹೆಸರುಗಳು ಹಾಜರಿಯಲ್ಲಿ ಇರುತ್ತಿದ್ದವು, ಮಕ್ಕಳು ಇರುತ್ತಿರಲಿಲ್ಲ. ಮುಂಜಾನೆ ಎದ್ದು ರಾಟೆ ತಿರುಗಿಸಿ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುವುದು ಅವರ ಕೆಲಸ. ಕಂಡಿಕೆ ಇಲ್ಲದೆ ಲಾಳಿ ಓಡದು. ಲಾಳಿ ಓಡದಿದ್ದರೆ ಅಪ್ಪ ಮಗ್ಗದಲ್ಲಿ ಸುಮ್ಮನೆ ಕೂರಬೇಕು.

ಆ ವರ್ಷವೇ ಹೊಸ ಹೆಡ್‌ಮಾಸ್ತರು ಬಂದರು. ರನ್ನ ಬೆಳಗಲಿ ಊರಿನವರು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಧೋತರ, ಕರಿ ಟೊಪ್ಪಿಗೆ, ಹಣೆಯ ಮೇಲೆ ಭಂಡಾರದ ಹಳದಿ. ಮಾತು ಕಡಿಮೆ. ಬಂದ ಎರಡನೆಯ ದಿನ ನನ್ನನ್ನು ಕರೆದು, "ಬರ್ರಿ ಅಕ್ಕೋರ, ಒಂದೀಟ ಓಣಿ ಅಡ್ಡ್ಯಾಡಿ ಬರೂಣು" ಎಂದರು. ಹೆಂಗಸರ ಹತ್ತಿರ ಮಾತಾಡಲು ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ ಎಂಬ ಲೆಕ್ಕಾಚಾರ ಇರಬೇಕು.

ಮೊದಲು ಹೊಕ್ಕ ಮನೆಯಲ್ಲೇ ಒಬ್ಬ ತಾಯಿ ನಮ್ಮನ್ನು ತರಾಟೆಗೆ ತೆಗೆದುಕೊಂಡಳು. ಆಕೆಯ ಮಗಳು ನಾಲ್ಕನೆಯ ಇಯತ್ತೆ. ರಾಟೆಯ ಮುಂದೆ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಬೆರಳೆಲ್ಲ ನೂಲಿನ ಕೆಂಪು ಬಣ್ಣ.

"ಸಾಲಿಗೆ ಕಳಸ್ರಿ, ಕಳಸ್ರಿ ಅಂತೀರಿ. ಕಂಡಿಕಿ ಯಾರ್ ಸುತ್ತೋರು? ನೀವ ಬಂದು ಸುತ್ತತೀರೇನ್ರಿ?"

ನಾನು ಸರ್ಕಾರ, ಕಾನೂನು ಎಂದು ಏನೋ ಹೇಳಲು ಹೊರಟೆ. ಹೆಡ್‌ಮಾಸ್ತರು ಕೈ ಸನ್ನೆಯಿಂದ ನನ್ನನ್ನು ಸುಮ್ಮನಾಗಿಸಿ ಅಲ್ಲೇ ಕಟ್ಟೆಯ ಮೇಲೆ ಕೂತರು.

"ಸುತ್ತೂದು ಎಷ್ಟೊತ್ತಿಗೆ ಮುಗಿತೈತಿ ತಂಗಿ?"

"ಹನ್ನೆರಡು ಆಗ್ತೈತ್ರಿ."

"ಹಂಗಾರ ಉಣಿಸಿ ಹನ್ನೆರಡೂವರಿಗೆ ಕಳಸು. ನಾ ತಗೋತೇನಿ."

ಆಕೆ ನಂಬಲಿಲ್ಲ. "ಗಂಟಿ ಹೊಡದ ಮ್ಯಾಲ ಹೋದ್ರ ಹೊರಗ ನಿಂದ್ರಸ್ತಾರ್ರಿ."

"ನಾನ ಹೆಡ್‌ಮಾಸ್ತರ ಅದೇನಿ. ಯಾರ್ ನಿಂದ್ರಸ್ತಾರ?"

ಇದರ ಹಿಂದಿನ ಕಾರಣವನ್ನು ಅವರು ಆಮೇಲೊಮ್ಮೆ ನನಗೆ ಹೇಳಿದರು. ಸಣ್ಣವರಿದ್ದಾಗ ಮುಂಜಾನೆ ಕುರಿ ಹೊಡೆದುಕೊಂಡು ಹೋಗಿ ಮಧ್ಯಾಹ್ನ ತಮ್ಮನಿಗೆ ಒಪ್ಪಿಸಿ ಶಾಲೆಗೆ ಓಡುತ್ತಿದ್ದರಂತೆ. ಊರಿನ ಮಾಸ್ತರು ಒಂದು ದಿನವೂ ಯಾಕೆ ತಡ ಎಂದು ಕೇಳಲಿಲ್ಲವಂತೆ. "ಕೇಳಿದ್ರ ನಾ ಇವತ್ತೂ ಕುರಿ ಹಿಂದ ಇರ್ತಿದ್ನಿ" ಎಂದಿದ್ದರು.

ಹೀಗೆ ನಮ್ಮ ಶಾಲೆಯಲ್ಲಿ ಎರಡು ಹೊತ್ತು ಆಯಿತು. ಉಳಿದವರು ಎಂದಿನಂತೆ ಬೆಳಗ್ಗೆ ಬರುವುದು. ಕಂಡಿಕೆ ಸುತ್ತುವ ಮಕ್ಕಳು ಹನ್ನೆರಡೂವರೆಗೆ ಬಂದು, ಎಲ್ಲರೂ ಹೋದ ಮೇಲೆ ಒಂದು ತಾಸು ಹೆಚ್ಚು ಕೂರುವುದು. ಆ ತಾಸು ಹೆಡ್‌ಮಾಸ್ತರು ತಾವೇ ಕಲಿಸುತ್ತಿದ್ದರು. ಬೆಳಗಿನ ಪಾಠವನ್ನು ನಾವು ಮಧ್ಯಾಹ್ನ ಮತ್ತೊಮ್ಮೆ ಮಾಡಬೇಕಿತ್ತು. ಮೊದಮೊದಲು ಮಾಸ್ತರುಗಳೆಲ್ಲ ಗೊಣಗಿದರು. ನಾನೂ ಗೊಣಗಿದೆ. ಆದರೆ ದೀಪಾವಳಿ ಹೊತ್ತಿಗೆ ತರಗತಿ ತುಂಬಿತು. ಮಕ್ಕಳು ತಲೆಗೂದಲಲ್ಲಿ ಅರಳೆಯ ಎಳೆ ಅಂಟಿಸಿಕೊಂಡೇ ಓಡಿಬರುತ್ತಿದ್ದರು. ಬೆರಳಿಗೆ ಕೆಂಪು ಬಣ್ಣ ಹತ್ತಿದ ಆ ಹುಡುಗಿ ಎಲ್ಲದಕ್ಕೂ "ಯಾಕ್ರಿ?" ಎಂದು ಕೇಳುವವಳು. ಗಟ್ಟಿ ಗಂಟಲು. ಅವಳು ಪಾಠ ಓದಿದರೆ ಮಗ್ಗದ ಸದ್ದನ್ನೂ ಮೀರಿ ಓಣಿಗೆ ಕೇಳಿಸುತ್ತಿತ್ತು. ಅವಳ ಅಪ್ಪ ಮಗ್ಗ ನಿಲ್ಲಿಸಿ ಕೇಳುತ್ತಾನೆ ಎಂದು ಅವಳ ತಾಯಿ ಹೇಳಿದ್ದಳು.

ಇನ್‌ಸ್ಪೆಕ್ಟರ್ ಸಾಹೇಬರಿಗೆ ಎಲ್ಲ ಗೊತ್ತಿತ್ತು. ಅವರು ಶಾಲೆಯ ತಪಾಸಣೆಗೆ ಬೇಕೆಂದೇ ಎರಡು ಗಂಟೆಗೆ ಬರುತ್ತಿದ್ದರು. "ಛಲೋ ನಡದೈತಿ. ಆದ್ರ ಮ್ಯಾಲಿನವರು ಕೇಳಿದ್ರ ನನಗೇನೂ ಗೊತ್ತಿಲ್ಲ ನೋಡ್ರಿ" ಎಂದು ನಗುತ್ತಿದ್ದರು. ಕೊನೆಗೆ ಹಾಗೆಯೇ ಮಾಡಿದರು.

ಆ ವರ್ಷದ ಚಳಿಗಾಲದಲ್ಲಿ ಶಿಕ್ಷಣ ಮಂತ್ರಿಗಳು ನಮ್ಮ ಕಡೆ ಪ್ರವಾಸ ಬಂದರು. ತೆಂಕಣ ಸೀಮೆಯವರು. ಇಲಾಖೆ ವಹಿಸಿಕೊಂಡ ಹೊಸತು. ಎಲ್ಲ ಶಾಲೆಗಳನ್ನೂ ಸರಿದಾರಿಗೆ ತರುತ್ತೇನೆ ಎಂದು ಊರೂರಿಗೆ ಹೇಳುತ್ತ ಬರುತ್ತಿದ್ದರು. ನಮ್ಮ ಶಾಲೆಗೆ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ ಎಂದು ತಿಳಿಸಿದ್ದರು. ಹೆಡ್‌ಮಾಸ್ತರು ಖುಷಿಯಾಗಿದ್ದರು. ತುಂಬಿದ ಶಾಲೆ ತೋರಿಸಬಹುದು, ನಮ್ಮ ವೇಳೆಗೆ ಒಪ್ಪಿಗೆಯನ್ನೂ ಕೇಳಬಹುದು ಎಂದುಕೊಂಡಿದ್ದರು. ಮಾತು ಕಡಿಮೆಯ ಆ ಮನುಷ್ಯ ಏನು ಹೇಳಬೇಕು ಎಂದು ಎರಡು ದಿನ ತಮ್ಮಷ್ಟಕ್ಕೆ ಅಂದುಕೊಳ್ಳುತ್ತ ಓಡಾಡಿದ್ದರು.

ಮಂತ್ರಿಗಳು ಹನ್ನೊಂದೂವರೆಗೇ ಬಂದರು. ದಿಢೀರ್ ಭೇಟಿ ಎಂಬುದು ಅವರಿಗೆ ಪ್ರಿಯವಾದ ಪದ ಎಂದು ನಮಗೆ ಆಮೇಲೆ ತಿಳಿಯಿತು. ಕಾರು, ಎರಡು ಜೀಪು, ಹಿಂದೆ ಪತ್ರಿಕೆಯ ಒಬ್ಬ ಫೋಟೋದವನು. ನಾನು ನಾಲ್ಕನೆಯ ಇಯತ್ತೆಯಲ್ಲಿ ಲೆಕ್ಕ ಮಾಡಿಸುತ್ತಿದ್ದೆ. ಮುಂದೆ ಒಂದಷ್ಟು ಮಕ್ಕಳು, ಹಿಂದೆಲ್ಲ ಖಾಲಿ ಮಣೆ. ಮಂತ್ರಿಗಳು ಬಾಗಿಲಲ್ಲಿ ನಿಂತು ಖಾಲಿ ಜಾಗವನ್ನಷ್ಟೇ ನೋಡಿದರು. ಇದ್ದ ಮಕ್ಕಳು ಎದ್ದು ನಿಂತು ನಮಸ್ಕಾರ ಎಂದು ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲ.

"ಏನ್ರೀ ಇದು? ಮಕ್ಕಳೆಲ್ಲಿ?"

ಹೆಡ್‌ಮಾಸ್ತರು ಓಡಿ ಬಂದಿದ್ದರು. ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, "ಬರ್ತಾರ್ರಿ ಸಾಹೇಬ್ರ, ಹನ್ನೆರಡೂವರಿಗೆ ಎಲ್ಲಾ ಬರ್ತಾರ್ರಿ. ಕಂಡಿಕಿ ಸುತ್ತಾಕತ್ತಾರ್ರಿ ಈಗ..." ಎಂದರು.

"ಏನು ಸುತ್ತಾ ಇದಾರೆ?"

ಹೆಡ್‌ಮಾಸ್ತರು ವಿವರಿಸಲು ಶುರುಮಾಡಿದರು. ಅವರ ಮಾತು ಮಂತ್ರಿಗಳಿಗೆ ಅರ್ಧ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ನಡುವೆಯೇ ತಡೆದರು.

"ಶಾಲೆ ಏನು ನಿಮ್ಮ ಮನೇನಾ? ನಿಮಗೆ ತೋಚಿದ ಟೈಮ್ ಇಟ್ಕೊಳ್ಳೋಕೆ ಯಾರು ಹೇಳಿದ್ದು?" ಎಂದು ಇನ್‌ಸ್ಪೆಕ್ಟರ್ ಸಾಹೇಬರ ಕಡೆ ತಿರುಗಿದರು. ಸಾಹೇಬರು ನೆಲ ನೋಡಿದರು. "ನನ್ನ ಗಮನಕ್ಕೆ ಬಂದಿಲ್ಲ ಸರ್" ಎಂದರು, ಶುದ್ಧ ಪುಸ್ತಕದ ಕನ್ನಡದಲ್ಲಿ.

ಹೆಡ್‌ಮಾಸ್ತರು ಕೈ ಮುಗಿದರು. "ಒಂದ್ ತಾಸು ಕುಂದರ್ರಿ ಸಾಹೇಬ್ರ. ಚಾ ತಗೋರಿ. ಅಷ್ಟರಾಗ ಹುಡುಗೂರು ಬರ್ತಾವ. ನಿಮ್ಮ ಕಣ್ಣಿಂದ ನೋಡ್ರಿ. ಆಮ್ಯಾಲ ಏನ್ ಶಿಕ್ಷಾ ಕೊಟ್ರೂ ತಗೋತೇನಿ."

ಅಷ್ಟೇ ಅವರು ಕೇಳಿದ್ದು. ಮಂತ್ರಿಗಳು ಕೂರಲಿಲ್ಲ. ಖಾಲಿ ಮಣೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ವೇಳೆ ಇತ್ತು, ಮಕ್ಕಳು ಬರುವವರೆಗೆ ಕಾಯಲು ಇರಲಿಲ್ಲ. ಅವರು ಹೋಗಿ ಧೂಳು ಅಡಗಿದ ಸ್ವಲ್ಪ ಹೊತ್ತಿಗೆ ಮಕ್ಕಳು ಎಂದಿನಂತೆ ಬಂದರು. ಹೊಸ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮೂರು ಗಂಟೆಗೆ ಮಂತ್ರಿ ಬರುತ್ತಾರೆ ಎಂದು ತಾಯಂದಿರು ಸಿಂಗರಿಸಿ ಕಳಿಸಿದ್ದರು. ಕೆಂಪು ಬೆರಳಿನ ಹುಡುಗಿ ಬಾಗಿಲಲ್ಲೇ ನಿಂತು, "ಯಾಕ್ರಿ ಅಕ್ಕೋರ, ಮಂತ್ರಿ ಬರಂಗಿಲ್ಲೇನ್ರಿ?" ಎಂದು ಕೇಳಿದಳು.

ವಾರದೊಳಗೆ ಹೆಡ್‌ಮಾಸ್ತರನ್ನು ಸಸ್ಪೆಂಡ್ ಮಾಡಿದರು. ಕೆಲವು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ಬೀಳಗಿ ತಾಲೂಕಿನ ಒಂದು ಹಳ್ಳಿಗೆ ಹಾಕಿದರು. ನಮ್ಮ ಶಾಲೆಗೆ ಕಟ್ಟಪ್ಪಣೆ ಬಂತು. ಬೆಳಗ್ಗೆ ಗಂಟೆ ಹೊಡೆದ ಮೇಲೆ ಯಾವ ಮಗುವನ್ನೂ ಒಳಗೆ ಬಿಡಕೂಡದು. ಹೊಸ ಹೆಡ್‌ಮಾಸ್ತರು ಹೆದರಿಕೆಯ ಮನುಷ್ಯ. ಗಂಟೆ ಹೊಡೆಸಿ ಗೇಟಿಗೆ ಅಗಳಿ ಹಾಕಿಸುತ್ತಿದ್ದರು. ಮೊದಲ ದಿನಗಳಲ್ಲಿ ಮಕ್ಕಳು ಹನ್ನೆರಡೂವರೆಗೆ ಬಂದು ಗೇಟಿನಾಚೆ ಗುಂಪಾಗಿ ನಿಲ್ಲುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತ ಪಾಠ ಮಾಡಬೇಕಿತ್ತು. ನಿಧಾನಕ್ಕೆ ಅವರು ಬರುವುದು ನಿಂತಿತು. ನಮ್ಮ ತರಗತಿ ನಿಜವಾಗಿ ಖಾಲಿಯಾದದ್ದು ಆಗ. ಆದರೆ ಆಗ ಯಾವ ಮಂತ್ರಿಯೂ ನೋಡಲು ಬರಲಿಲ್ಲ.

ಬೇಸಿಗೆಗೆ ಮುಂಚೆ ಅದೇ ಮಂತ್ರಿಗಳು ಮುಧೋಳಕ್ಕೆ ಬರುತ್ತಾರೆ, ಒಂದು ಹೈಸ್ಕೂಲ್ ಕಟ್ಟಡಕ್ಕೆ ಅಡಿಗಲ್ಲು ಇಡುತ್ತಾರೆ ಎಂದು ಗೊತ್ತಾಯಿತು. ಕೆಂಪು ಬೆರಳಿನ ಹುಡುಗಿಯ ತಾಯಿ ನನ್ನನ್ನು ಓಣಿಯಲ್ಲಿ ತಡೆದು, "ನಾ ಹೋಗಿ ಕೇಳ್ತೇನಿ. ನೀವು ಜೋಡಿ ಬರ್ರಿ" ಎಂದಳು. ನಾನು ರಜೆ ಹಾಕಿ ಹೋದೆ. ಅಪ್ಪನಿಗೆ ಹೇಳಲಿಲ್ಲ.

ಪ್ರವಾಸಿ ಮಂದಿರದ ಜಗಲಿಯಲ್ಲಿ ಮಂತ್ರಿಗಳು ಊಟ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಸುತ್ತ ಮುಖಂಡರು. ತಾಯಿ ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ ನಿಂತಳು. ಅಂಜಲಿಲ್ಲ. ಮೊದಲಿನ ಹಾಗೆ ಹನ್ನೆರಡೂವರೆಗೆ ಮಕ್ಕಳನ್ನು ತೆಗೆದುಕೊಳ್ಳಬೇಕು ಎಂದು ಹೇಳಿದಳು.

ಮಂತ್ರಿಗಳು ಮೆತ್ತಗೇ ಮಾತಾಡಿದರು. "ಚಿಕ್ಕ ಮಕ್ಕಳ ಕೈಲಿ ದುಡಿಸೋದು ತಪ್ಪಲ್ವೇನಮ್ಮಾ?"

"ತಪ್ಪ ಐತ್ರಿ. ನಮಗೇನ ಹೌಸೇನ್ರಿ? ಸುತ್ತಾಕ ಒಂದ ಆಳ ಇಟ್ರ ಸೀರಿ ಕೂಲ್ಯಾಗ ಏನೂ ಉಳಿಯಂಗಿಲ್ರಿ. ನೀವು ಕೂಲಿ ಹೆಚ್ಚ ಮಾಡಸ್ರಿ, ನಾಳಿಂದ ಮುಂಜಾನೇನ ಕಳಸ್ತೇನಿ."

"ಅದು ನನ್ನ ಇಲಾಖೆ ಅಲ್ಲಮ್ಮ."

"ಸಾಲಿ ನಿಮ್ಮ ಇಲಾಖೆ ಹೌದಲ್ರಿ? ಸಾಲೀನರ ಮೊದಲಿನಂಗ ಮಾಡ್ರಿ."

ಪಕ್ಕದಲ್ಲಿದ್ದ ಯಾರೋ ನಕ್ಕರು. ಮಂತ್ರಿಗಳ ಮುಖದ ನಗು ಹೋಯಿತು. ನನ್ನ ಕಡೆ ನೋಡಿ, "ನೀವ್ಯಾರು?" ಎಂದರು. ಆ ಶಾಲೆಯ ಶಿಕ್ಷಕಿ ಎಂದೆ.

"ಸರ್ಕಾರದ ಸಂಬಳ ತಗೊಂಡು ಜನರನ್ನ ಎತ್ತಿಕಟ್ತೀರಾ? ಇಡೀ ರಾಜ್ಯದ ಶಾಲೆ ನಾನು ನಡೆಸಬೇಕು. ಒಂದೊಂದು ಓಣಿಗೆ ಒಂದೊಂದು ಗಂಟೆ ಬಾರಿಸೋಕಾಗುತ್ತಾ?"

"ನೀವ್ಯಾಕ ಬಾರಸ್ತೀರಿ ಸಾಹೇಬ್ರ? ನಾವ ಬಾರಸ್ತಿದ್ವಿ. ನೀವು ಸುಮ್ಮನಿದ್ರ ಸಾಕಾಗಿತ್ರಿ" ಎಂದೆ.

ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ತಿಳಿಯದು. ಪೊಲೀಸನೊಬ್ಬ ನಮ್ಮನ್ನು ಹೊರಗೆ ನಡೆಸಿದ. ಬನಹಟ್ಟಿಯಲ್ಲಿ ಬಸ್ಸಿಳಿಯುವಾಗ ಆ ತಾಯಿ, "ಅಂವಂದು ಯಾವ ಇಲಾಖೆ ಹಂಗಾರ?" ಎಂದಳು.

ಆ ಜಗಲಿಯ ಮಾತುಕತೆಯನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಮಗು ರಾಟೆಯ ಮುಂದೆ ಕೂರಬಾರದು ಎಂಬುದು ಸರಿಯೇ. ಮಂತ್ರಿಗಳು ಅದನ್ನು ನನಗಿಂತ ಚೆನ್ನಾಗಿ ಭಾಷಣದಲ್ಲಿ ಹೇಳಬಲ್ಲರು. ನ್ಯಾಯ ಬಿಟ್ಟು ಮಾತಾಡಬಾರದು, ನಮ್ಮ ಸಂಬಳ ತಿಂಗಳ ಮೊದಲಿಗೇ ಬರುವಂತೆ ಮಾಡಿದವರೂ ಅವರೇ. ಆದರೆ ರಾಟೆಯನ್ನು ಬಿಡಿಸುವುದು ಅವರ ಕೈಲಾಗಲಿಲ್ಲ, ಶಾಲೆಯನ್ನು ಬಿಡಿಸುವುದು ಆಯಿತು. ರಾಜ್ಯಕ್ಕೆಲ್ಲ ಒಂದೇ ಗಂಟೆ, ಒಂದೇ ಪುಸ್ತಕ, ಒಂದೇ ಅಪ್ಪಣೆ ಎಂದರೆ ಬೆಂಗಳೂರಿನ ಮೇಜಿನಿಂದ ನೋಡುವವರಿಗೆ ಅಂದ. ಆ ಅಂದಕ್ಕಾಗಿ ನಮ್ಮ ಮಕ್ಕಳು ಗೇಟಿನಾಚೆ ನಿಂತರು.

ಜೂನ್‌ನಲ್ಲಿ ನನಗೂ ವರ್ಗಾವಣೆಯ ಹುಕುಂ ಬಂತು. ಶಿಕ್ಷೆಯೆಂದು ಹುನ್ನೂರಿಗೆ ಹಾಕಿದ್ದರು. ಹುನ್ನೂರು ಜಮಖಂಡಿಯ ಮಗ್ಗುಲಲ್ಲೇ ಇದೆ, ನಮ್ಮ ಮನೆಗೆ ಬನಹಟ್ಟಿಗಿಂತ ಎಷ್ಟೋ ಹತ್ತಿರ. ಶಿಕ್ಷೆ ಕೊಟ್ಟವರು ನಕಾಶೆ ನೋಡಿರಲಿಲ್ಲ. ಅಪ್ಪ ಹುಕುಂ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಕೆಂಪು ಬೆರಳಿನ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ರಬಕವಿಯಲ್ಲಿ ಒಂದು ಮದುವೆಗೆ ಹೋದಾಗ ಸಿಕ್ಕಳು. ಕೊಟ್ಟದ್ದು ಅದೇ ಊರಿಗೆ. ಗಂಟಲು ಹಾಗೆಯೇ ಇತ್ತು, ಪಂಕ್ತಿಯ ಆ ತುದಿಯಿಂದಲೇ "ಅಕ್ಕೋರ!" ಎಂದು ಕೂಗಿದಳು. ಅಷ್ಟು ಹೊತ್ತಿಗೆ ಪವರ್‌ಲೂಮ್ ಬಂದು ನೂಲು ಸುತ್ತಲು ಯಂತ್ರಗಳು ಬಂದಿದ್ದವು. ಮಕ್ಕಳು ರಾಟೆಯಿಂದ ಎದ್ದಿದ್ದರು. ಇವಳ ಪಾಲಿಗೆ ಅದು ತಡವಾಯಿತು.

"ಅಂಗನವಾಡಿ ಕೆಲಸಕ್ಕ ಹೋಗಿದ್ನಿರಿ. ಸಾಲಿ ಮುಗಿಸಿದ ಸರ್ಟಿಫಿಕೇಟ್ ಬೇಕಂದ್ರು. ನಾಕನೇ ಇಯತ್ತೇನೂ ಮುಗಿಸಿಲ್ಲ ಅಂದ್ನಿ. ಯಾಕ ಅಂತ ಕೇಳಿದ್ರು" ಎಂದು ನಕ್ಕಳು. "ಏನಂತ ಹೇಳ್ಲಿರಿ ಅಕ್ಕೋರ?"

ಮಂತ್ರಿಗಳನ್ನು ಕೊನೆಯ ಸಲ ಕಂಡದ್ದು ಜಮಖಂಡಿಯಲ್ಲಿ. ಶಿಕ್ಷಕರ ದಿನಾಚರಣೆಗೆ ಅವರು ಮುಖ್ಯ ಅತಿಥಿ. ಅಧಿಕಾರ ಹೋಗಿ ಬಹಳ ಕಾಲವಾಗಿತ್ತು. ತಲೆ ಬೆಳ್ಳಗಾಗಿತ್ತು. ಬಹಳ ವರ್ಷ ಸೇವೆ ಮಾಡಿದ ಶಿಕ್ಷಕರಿಗೆ ಶಾಲು ಹೊದಿಸುವುದಿತ್ತು. ಅವರಲ್ಲಿ ನಾನೂ ಒಬ್ಬಳು. ಸುಮ್ಮನೆ ಹೊದ್ದುಕೊಂಡು ಬರಬೇಕು ಎಂದೇ ಹೋಗಿದ್ದೆ. ವಯಸ್ಸಾದವರನ್ನು ಕಂಡರೆ ಸಿಟ್ಟು ಇಳಿಯುತ್ತದೆ. ನನಗೂ ಇಳಿಯುತ್ತ ಬಂದಿತ್ತು.

ಅವರು ಭಾಷಣ ಶುರುಮಾಡಿದರು. ಶಿಸ್ತು, ಸಮಯಪಾಲನೆ ಎಂದರು. ಆಮೇಲೆ, "ನಾನು ಮಂತ್ರಿಯಾಗಿದ್ದಾಗ ಇದೇ ನಿಮ್ಮ ಬನಹಟ್ಟಿಯ ಶಾಲೆಗೆ ದಿಢೀರನೆ ಹೋದೆ. ಏನು ನೋಡ್ತೀನಿ? ಒಂದು ಮಗೂನೂ ಇಲ್ಲ. ಹೆಡ್‌ಮಾಸ್ತರು ಮೇಜಿನ ಮೇಲೆ ಕಾಲು ಚಾಚಿ ನಿದ್ದೆ ಹೊಡೀತಾ ಇದ್ದಾರೆ!" ಎಂದರು. ಸಭೆ ಗೊಳ್ಳೆಂದು ನಕ್ಕಿತು. "ಆವತ್ತೇ ಸರಿ ಮಾಡಿದೆ. ಮಾರನೇ ದಿನದಿಂದ ಶಾಲೆ ಭರ್ತಿ!"

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಸುಳ್ಳರಿ ಅದು" ಎಂದೆ. ನಗು ನಿಂತಿತು. "ನಾ ಅಲ್ಲೇ ಇದ್ನಿ. ಹೆಡ್‌ಮಾಸ್ತರು ಮಲಗಿರಲಿಲ್ರಿ. ಕೈ ಮುಗದು, ಒಂದ್ ತಾಸು ಕುಂದರ್ರಿ ಅಂದ್ರು. ನೀವು ಕುಂದರಲಿಲ್ಲ. ನೀವು ಹೋದ ಮ್ಯಾಲ ಸಾಲಿ ಭರ್ತಿ ಆಗಲಿಲ್ರಿ, ಖಾಲಿ ಆತು."

ಸಂಘಟಕರೊಬ್ಬರು ಬಳಿ ಬಂದು, "ಅಕ್ಕೋರ, ಕುಂದರ್ರಿ, ಹಿರಿಯರದಾರ" ಎಂದು ತೋಳು ಹಿಡಿದರು. ಮಂತ್ರಿಗಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಗುರುತು ಸಿಗಲಿಲ್ಲ. ಶಾಂತವಾಗಿಯೇ ಹೇಳಿದರು: "ಅದು ಬೇರೆ ಶಾಲೆ ಇರಬಹುದಮ್ಮ."

ಮುಂದುವರಿದು ಬೇರೆ ವಿಷಯಕ್ಕೆ ಹೋದರು. ನಾನು ಶಾಲು ತೆಗೆದುಕೊಳ್ಳದೆ ಹೊರಟು ಬಂದೆ. ಜೊತೆಯ ಶಿಕ್ಷಕಿಯರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ. ಕಚೇರಿಯಿಂದ ಕಾರಣ ಕೇಳಿ ನೋಟೀಸು ಬಂತು. ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟೆ, ಅದಕ್ಕೆ ಉತ್ತರ ಬರಲಿಲ್ಲ. ಶಾಲನ್ನು ಜವಾನನ ಕೈಲಿ ಮನೆಗೆ ಕಳಿಸಿದರು. ಅದನ್ನು ಅವನಿಗೇ ಕೊಟ್ಟೆ.

ಆ ಸಭೆಯಾದ ಮುಂದಿನ ರವಿವಾರ ರನ್ನ ಬೆಳಗಲಿಗೆ ಹೋದೆ. ನಮ್ಮ ಹಳೆಯ ಹೆಡ್‌ಮಾಸ್ತರು ನಿವೃತ್ತರಾಗಿ ಮಗನ ಹೊಲದ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ಧ್ವನಿಯಿಂದ ಗುರುತು ಹಿಡಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ.

"ನಿದ್ದಿ ಹೊಡ್ಯಾಕತ್ತಿದ್ನಿ ಅಂದ್ನ?" ಎಂದು ಅವರು ಕೆಮ್ಮು ಬರುವವರೆಗೆ ನಕ್ಕರು. "ಅಷ್ಟ ಮಂದ್ಯಾಗ ನಿಂತು ಸುಳ್ಳ ಅಂತ ಅಂದ್ಯಾ ತಂಗಿ?"

"ಅಂದ್ನಿರಿ."

"ಛಲೋ ಆತು. ಅಂವಗೂ ವಯಸ್ಸಾಗೇತಿ, ಇನ್ನ ಬಿಟ್ಟಬಿಡು. ಉಣ್ಣು ಬಾ."

ಸೊಸೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಉಂಡೆ. ಅವರು ಅಷ್ಟು ಸುಲಭವಾಗಿ ಬಿಟ್ಟದ್ದು ನನಗೆ ಸೇರಲಿಲ್ಲ. ತಮಗಾದ ಅನ್ಯಾಯವನ್ನು ಅವರು ಬಿಡಬಹುದು. ಗೇಟಿನಾಚೆ ನಿಂತ ಮಕ್ಕಳ ಪರವಾಗಿ ಬಿಡಲು ಅವರು ಯಾರು, ನಾನು ಯಾರು? ಇದನ್ನು ಅವರಿಗೆ ಹೇಳಲಿಲ್ಲ. ಕಬ್ಬಿನ ಹೊಲದ ನಡುವಿನ ದಾರಿಯಲ್ಲಿ ಕೋಲೂರುತ್ತ ಬಸ್ಸಿನವರೆಗೂ ಬಂದರು, ಮೊಮ್ಮಗನ ಓದಿನ ಬಗ್ಗೆ ಏನೇನೋ ಹೇಳಿದರು. ನಾನು ಹೂಂ ಎನ್ನುತ್ತಿದ್ದೆ, ಕಿವಿಗೆ ಬೀಳುತ್ತಿರಲಿಲ್ಲ. ಬೇರೆ ಶಾಲೆ ಇರಬಹುದು ಎಂದ ಮಂತ್ರಿಗಳ ಮಾತಿಗೆ ಆವತ್ತು ಸಭೆಯಲ್ಲಿ ಏನು ಹೇಳಬೇಕಿತ್ತು ಎಂದು ಬಸ್ಸು ಜಮಖಂಡಿ ಮುಟ್ಟುವವರೆಗೂ ಹುಡುಕುತ್ತಿದ್ದೆ.